ಅಚ್ಚಿನ ಬಣ್ಣ ನಿಲ್ಲಿಸುವ ಬಗೆ: ಬಳ್ಳಾರಿ ಸೀಮೆಯ ನೀರು, ಬಿಸಿಲಿಗೆ ತಕ್ಕಂತೆ

ಬಳ್ಳಾರಿಯ ಜೀನ್ಸ್ ವಾಷಿಂಗ್ ಘಟಕಗಳಲ್ಲಿ ದಿನವಿಡೀ ನಡೆಯುವ ಕೆಲಸವೇ ಬಣ್ಣ ಬಿಡಿಸುವುದು. ಜೀನ್ಸಿನ ನೀಲಿ ಬಣ್ಣವಾದ ಇಂಡಿಗೋ, ನೂಲಿನಲ್ಲಿ ಸೇರಿಕೊಂಡು ಕೂತಿರುತ್ತದೆಯೇ ಹೊರತು ಅದರೊಂದಿಗೆ ಬೆಸೆದುಕೊಂಡಿರುವುದಿಲ್ಲ. ಕಲ್ಲು ಹಾಕಿ ತಿಕ್ಕಿದರೆ ಉದುರುತ್ತದೆ, ಜೀನ್ಸಿಗೆ ಅದೇ ಚೆಂದ. ಹತ್ತಿ ಬಟ್ಟೆಗೆ ಅಚ್ಚು ಒತ್ತುವವರ, ಸ್ಕ್ರೀನ್ ಎಳೆಯುವವರ ಪಾಡು ಇದರ ತಿರುಗುಮುರುಗು. ಮೊದಲ ಒಗೆತಕ್ಕೇ ಬಕೆಟ್ ನೀರು ಕೆಂಪಾದರೆ ಗಿರಾಕಿ ಮತ್ತೆ ಬರುವುದಿಲ್ಲ.

ಟೇಬಲ್ ಮೇಲೆ ಅಚ್ಚು ಒತ್ತಿದಾಗ ಬಣ್ಣ ಬಟ್ಟೆಯ ಮೇಲೆ ಕೂತಿರುತ್ತದೆ, ಅಷ್ಟೆ. ಅದು ನಿಲ್ಲುವುದು ಆಮೇಲಿನ ಹಬೆಯಲ್ಲಿ, ಕಾವಿನಲ್ಲಿ, ತೊಳೆತದಲ್ಲಿ. ಯಾವ ಬಣ್ಣಕ್ಕೆ ಯಾವ ದಾರಿ ಎಂಬುದು ತಿಳಿಯದೆ ಎಲ್ಲಕ್ಕೂ ಉಪ್ಪು ನೀರು, ನಿಂಬೆರಸ, ವಿನೆಗರ್ ಎನ್ನುವವರೇ ಹೆಚ್ಚು. ಅಚ್ಚಾದ ಹತ್ತಿ ಬಟ್ಟೆಯ ಬಣ್ಣವನ್ನು ಈ ಮೂರರಲ್ಲಿ ಯಾವುದೂ ಗಟ್ಟಿ ಮಾಡುವುದಿಲ್ಲ. ಉಪ್ಪಿಗೆ ಕೆಲಸ ಇರುವುದು ತೊಟ್ಟಿಯಲ್ಲಿ ಇಡೀ ಬಟ್ಟೆ ಅದ್ದಿ ಬಣ್ಣ ಹಾಕುವಾಗ: ನೀರಿನಲ್ಲಿರುವ ಬಣ್ಣವನ್ನು ನೂಲಿನ ಕಡೆ ತಳ್ಳುತ್ತದೆ. ನೆನೆಹಾಕುವ ನೀರಿಗೆ ಉಪ್ಪು ಹಾಕಿದಾಗ ಬಣ್ಣ ಕಡಿಮೆ ಬಿಟ್ಟಂತೆ ಕಾಣುವುದೂ ಇದರಿಂದಲೇ. ಮುಂದಿನ ಸಲ ಉಪ್ಪಿಲ್ಲದ ನೀರಿಗೆ ಬಿದ್ದಾಗ ಅದೇ ಬಣ್ಣ ಹೊರಗೆ ಬರುತ್ತದೆ.

ಮೊದಲು ಬಟ್ಟೆ

ಕೋರಾ ಬಟ್ಟೆಯಲ್ಲಿ ನೇಯ್ಗೆಯ ಗಂಜಿ, ಹತ್ತಿಯ ಮೇಣ ಎರಡೂ ಇರುತ್ತವೆ. ಒಂದು ಹನಿ ಅಯೋಡಿನ್ ಟಿಂಕ್ಚರ್ ಬಿಟ್ಟು ನೋಡಿ. ಕಡುನೀಲಿಗೆ ತಿರುಗಿದರೆ ಗಂಜಿ ಇದೆ. ನೀರಿನ ಹನಿ ಬಿಡಿ. 3 ಸೆಕೆಂಡಿನೊಳಗೆ ಹೀರಿಕೊಂಡರೆ ಸರಿ, ಮುತ್ತಿನಂತೆ ನಿಂತರೆ ಮೇಣ ಹೋಗಿಲ್ಲ. ಗಂಜಿಯನ್ನು ಅಮೈಲೇಸ್ ಕಿಣ್ವದ ದ್ರಾವಣದಲ್ಲಿ ನೆನೆಸಿ ತೆಗೆಯಬೇಕು. ಆಮೇಲೆ ಬಟ್ಟೆಯ ತೂಕದ ಶೇ 3ರಷ್ಟು ಕಾಸ್ಟಿಕ್ ಸೋಡಾ ಮತ್ತು ಸ್ವಲ್ಪ ಸೋಪಿನೊಂದಿಗೆ ಒಂದೆರಡು ಗಂಟೆ, ಬಟ್ಟೆ ನೀರಿನಿಂದ ಮೇಲೇಳದಂತೆ ಕುದಿಸಿ, ಚೆನ್ನಾಗಿ ಜಾಲಾಡಿಸಿ. ಕಾಸ್ಟಿಕ್ ಅನ್ನು ನೀರಿಗೆ ಹಾಕಬೇಕು, ನೀರನ್ನು ಕಾಸ್ಟಿಕ್‌ಗೆ ಸುರಿಯಬಾರದು. ಇಷ್ಟು ಕಷ್ಟ ಬೇಡವೆನ್ನುವವರು ‘ಆರ್‌ಎಫ್‌ಡಿ’ (ರೆಡಿ ಫಾರ್ ಡೈಯಿಂಗ್, ಅಂದರೆ ಬಣ್ಣಕ್ಕೆ ಸಿದ್ಧವಾದ ಬಟ್ಟೆ) ಎಂದು ಕೇಳಿ ತರಲಿ. ಅದರಲ್ಲಿ ಗಂಜಿಯೂ ಇಲ್ಲ, ಹೊಳಪಿನ ರಾಸಾಯನಿಕವೂ ಇಲ್ಲ. ಅಂಗಡಿಯ ಬಿಳಿ ಮಲ್ ಬಟ್ಟೆ ಕೈಗೆ ಮೆತ್ತಗಿದ್ದರೆ ಹಿಗ್ಗಬೇಡಿ. ಆ ಮೆದುತನ ಸಾಫ್ಟ್‌ನರ್‌ನದ್ದಾಗಿದ್ದರೆ ಬಣ್ಣ ಒಳಗಿಳಿಯುವುದಿಲ್ಲ.

ನೀರು

ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಬೋರ್‌ವೆಲ್ ನೀರು ಎಷ್ಟೋ ಕಡೆ ಸವಳು, ಗಡಸು. ಸೋಪು ನೊರೆಯಾಗದೆ ಮೊಸರೊಡೆದಂತೆ ಆಗುತ್ತದೆ, ಕುದಿಸಿದ ಪಾತ್ರೆಯ ತಳದಲ್ಲಿ ಬಿಳಿ ಪದರ ಕೂರುತ್ತದೆ. ಆ ಬಿಳಿ ಪದರದಲ್ಲಿರುವ ಕ್ಯಾಲ್ಸಿಯಂ ಅಚ್ಚಿನ ಕೆಲಸವನ್ನು ಎರಡು ಕಡೆ ಕೆಡಿಸುತ್ತದೆ. ಬಣ್ಣದ ಪೇಸ್ಟನ್ನು ಮಂದ ಮಾಡುವ ಅಲ್ಜಿನೇಟ್ ಗಮ್ (ಕಡಲಪಾಚಿಯ ಅಂಟು) ಅದರೊಂದಿಗೆ ಸೇರಿ ಲೋಳೆಗಟ್ಟಿ, ಪೇಸ್ಟಿನಲ್ಲಿ ಮೀನಿನ ಮೊಟ್ಟೆಯಂಥ ಗಂಟು ಬೀಳುತ್ತವೆ. ತೊಳೆಯುವಾಗ ಬಿಡಿ ಬಣ್ಣವೂ ಅದಕ್ಕೆ ಸಿಕ್ಕು ಬಟ್ಟೆಗೆ ಮತ್ತೆ ಅಂಟುತ್ತದೆ. ಟಿಡಿಎಸ್ ಮೀಟರ್ ನಂಬಿ ಕೂರಬೇಡಿ, ಅದು ಒಟ್ಟು ಲವಣ ಹೇಳುತ್ತದೆಯೇ ಹೊರತು ಗಡಸುತನ ಹೇಳುವುದಿಲ್ಲ. ಪೇಸ್ಟಿಗೆ ಕುಡಿಯುವ ಫಿಲ್ಟರ್ ನೀರು ಬಳಸಿ, ಬೇಕಾಗುವುದು ಎರಡು ಮೂರು ಲೀಟರ್ ತಾನೆ. ತೊಳೆಯಲು ನಲ್ಲಿಯಲ್ಲಿ ಬರುವ ತುಂಗಭದ್ರೆಯ ನೀರು ಸಿಕ್ಕರೆ ಪುಣ್ಯ. ಬೋರ್ ನೀರೇ ಗತಿಯಾದರೆ ಲೀಟರಿಗೆ 1ರಿಂದ 2 ಗ್ರಾಂ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಹಾಕಿ. ಬಣ್ಣದ ಅಂಗಡಿಯಲ್ಲಿ ‘ಕ್ಯಾಲ್ಗಾನ್’ ಎಂದರೆ ಕೊಡುತ್ತಾರೆ.

ರಿಯಾಕ್ಟಿವ್ ಬಣ್ಣ

ಹತ್ತಿಗೆ ಇದೇ ಮೊದಲ ಆಯ್ಕೆ. 1956ರಲ್ಲಿ ಐಸಿಐ ಕಂಪನಿ ‘ಪ್ರೋಸಿಯನ್’ ಹೆಸರಿನಲ್ಲಿ ತಂದ ಈ ಜಾತಿಯ ಬಣ್ಣ, ಕ್ಷಾರ ಸಿಕ್ಕಾಗ ಹತ್ತಿಯ ಸೆಲ್ಯುಲೋಸ್ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಹಾಗೆ ಬೆಸೆದ ಬಣ್ಣ ಸೋಪಿಗೆ ಹೋಗುವುದಿಲ್ಲ. ತೊಡಕೇನೆಂದರೆ, ಅದೇ ಕ್ಷಾರದಲ್ಲಿ ಅದು ನೀರಿನೊಂದಿಗೂ ಬೆಸೆಯುತ್ತದೆ. ನೀರಿನೊಂದಿಗೆ ಕೂಡಿದ ಬಣ್ಣ ಸತ್ತ ಬಣ್ಣ. ನೂಲಿನಲ್ಲಿ ಸುಮ್ಮನೆ ಕೂತಿದ್ದು, ಒಗೆದಾಗಲೆಲ್ಲ ಹೊರಗೆ ಬರುತ್ತದೆ. ಬಣ್ಣ ಬಿಡುತ್ತದೆ ಎಂಬ ದೂರುಗಳಲ್ಲಿ ಹೆಚ್ಚಿನವು ಈ ಸತ್ತ ಬಣ್ಣವನ್ನು ಪೂರ್ತಿ ತೊಳೆಯದೆ ಬಿಟ್ಟಿದ್ದರಿಂದ ಬರುವಂಥವು.

ಗಮ್ ಅನ್ನು ಹಿಂದಿನ ದಿನವೇ ಮಾಡಿಡಿ. 950 ಗ್ರಾಂ ನೀರಿಗೆ 5 ಗ್ರಾಂ ಕ್ಯಾಲ್ಗಾನ್ ಕರಗಿಸಿ, 45 ಗ್ರಾಂ ಸೋಡಿಯಂ ಅಲ್ಜಿನೇಟ್ ಪುಡಿಯನ್ನು ಉಪ್ಪಿಟ್ಟಿಗೆ ರವೆ ಉದುರಿಸಿದಂತೆ ಸ್ವಲ್ಪಸ್ವಲ್ಪವೇ ಉದುರಿಸುತ್ತ ಕಡೆಯಿರಿ. ರಾತ್ರಿ ಇಟ್ಟರೆ ಗಂಟೆಲ್ಲ ನೆನೆದು ಕರಗಿರುತ್ತವೆ. ಅಲ್ಜಿನೇಟ್ ತುಟ್ಟಿ ಎಂದು ಮೈದಾ, ಹುಣಸೆ ಬೀಜದ ಪುಡಿ, ಗಂಜಿ ಹಾಕುವವರಿದ್ದಾರೆ. ರಿಯಾಕ್ಟಿವ್ ಬಣ್ಣಕ್ಕೆ ಇವು ಸಲ್ಲವು. ಹತ್ತಿಯಂತೆ ಇವೂ ಬಣ್ಣದ ಜೊತೆ ಬೆಸೆಯುತ್ತವೆ. ಬಣ್ಣ ಗಂಜಿಯ ಪಾಲಾಗುತ್ತದೆ, ಬೆಸೆದ ಗಂಜಿ ತೊಳೆದರೂ ಹೋಗದೆ ಬಟ್ಟೆ ರಟ್ಟಿನಂತಾಗುತ್ತದೆ.

1 ಕಿಲೋ ಪೇಸ್ಟಿಗೆ ಲೆಕ್ಕ ಹೀಗೆ:

ಬಣ್ಣ: 20 ಗ್ರಾಂ (ತಿಳಿಗೆ 5, ಗಾಢಕ್ಕೆ 40ರವರೆಗೆ)
ಯೂರಿಯಾ: 150 ಗ್ರಾಂ
ಬಿಸಿ ನೀರು: 300 ಗ್ರಾಂ
ಅಲ್ಜಿನೇಟ್ ಗಮ್: 500 ಗ್ರಾಂ
ರೆಜಿಸ್ಟ್ ಸಾಲ್ಟ್ (ಹಬೆಯಲ್ಲಿ ಬಣ್ಣ ಮಂಕಾಗದಂತೆ ತಡೆಯುವ ಪುಡಿ): 10 ಗ್ರಾಂ
ಅಡುಗೆ ಸೋಡಾ: 20 ಗ್ರಾಂ

ಬಣ್ಣ ಹೆಚ್ಚುಕಡಿಮೆಯಾದರೆ ನೀರನ್ನು ಅಷ್ಟೇ ತಗ್ಗಿಸಿ ಹೆಚ್ಚಿಸಿ ಒಟ್ಟು 1 ಕಿಲೋಗೆ ತನ್ನಿ. ಮರದ ಅಚ್ಚಿಗೆ ಪೇಸ್ಟು ದಪ್ಪವಿರಬೇಕು, ಗಮ್ 600 ಗ್ರಾಂ ಮಾಡಿ ನೀರನ್ನು 200ಕ್ಕೆ ಇಳಿಸಿ. ಬಣ್ಣ ಮತ್ತು ಯೂರಿಯಾವನ್ನು ಒಟ್ಟಿಗೆ ಬಿಸಿ ನೀರಿನಲ್ಲಿ ಕರಗಿಸಿ. ‘ಎಚ್’ ಗುರುತಿನ ಹಾಟ್ ಬ್ರ್ಯಾಂಡ್‌ಗೆ ನೀರು 70–80 ಡಿಗ್ರಿ ಇರಲಿ, ‘ಎಂ’ ಗುರುತಿನ ಕೋಲ್ಡ್ ಬ್ರ್ಯಾಂಡ್‌ಗೆ 50 ದಾಟಬಾರದು. ಅಚ್ಚಿನ ಕೆಲಸಕ್ಕೆ ಎಚ್ ಲೇಸು. ಎಂ ಬೇಗ ಕೆರಳುವ ಜಾತಿ, ಬೇಸಿಗೆಯಲ್ಲಿ ಡಬ್ಬಿಯಲ್ಲೇ ಸತ್ತುಹೋಗುತ್ತದೆ. ಕರಗಿದ ಬಣ್ಣ ತಣಿದ ಮೇಲೆ ಗಮ್‌ಗೆ ಬೆರೆಸಿ, ರೆಜಿಸ್ಟ್ ಸಾಲ್ಟ್ ಹಾಕಿ, ತೆಳು ನೈಲಾನ್ ಬಟ್ಟೆಯಲ್ಲಿ ಸೋಸಿ. ಸೋಡಾ ಕಡೆಗೆ. ಅದೂ ಆ ಹೊತ್ತಿಗೆ ಬೇಕಾದಷ್ಟು ಪೇಸ್ಟಿಗೆ ಮಾತ್ರ, ಏಕೆಂದರೆ ಸೋಡಾ ಬಿದ್ದ ಗಳಿಗೆಯಿಂದ ಪೇಸ್ಟಿನ ಆಯುಸ್ಸು ಸವೆಯುತ್ತದೆ. ಮೇ ತಿಂಗಳ 40 ಡಿಗ್ರಿ ಬಿಸಿಲಲ್ಲಿ ಬೆಳಗ್ಗೆ ಬೆರೆಸಿದ್ದನ್ನು ಮಧ್ಯಾಹ್ನದೊಳಗೆ ಮುಗಿಸಿ, ಉಳಿದ ಡಬ್ಬಿಯನ್ನು ಮಣ್ಣಿನ ಮಡಕೆಯ ಪಕ್ಕ ತಂಪಿಗಿಡಿ.

ಬಣ್ಣದ ಪುಡಿ ತೂಗುವಾಗ ಫ್ಯಾನ್ ಆರಿಸಿ, ಮಾಸ್ಕ್ ಹಾಕಿ. ರಿಯಾಕ್ಟಿವ್ ಪುಡಿ ಶ್ವಾಸಕ್ಕೆ ಹೋಗುತ್ತ ಹೋಗುತ್ತ ಕೆಲವರಿಗೆ ಅಲರ್ಜಿ, ಉಬ್ಬಸ ತರುತ್ತದೆ. ಒಮ್ಮೆ ಬಂದರೆ ಆ ಕಸುಬನ್ನೇ ಬಿಡಬೇಕಾಗಬಹುದು.

ಯೂರಿಯಾ ಬಗ್ಗೆ ಒಂದು ಮಾತು. ಗಂಗಾವತಿ, ಸಿಂಧನೂರು ಕಡೆ ಭತ್ತದ ಗದ್ದೆಗೆ ತಂದ 45 ಕಿಲೋ ಚೀಲ ಮನೆಮನೆಯಲ್ಲೂ ಇರುತ್ತದೆ, ಅದರಲ್ಲೇ ಒಂದು ಬೊಗಸೆ ತೆಗೆದರಾಯಿತು ಅನಿಸುವುದು ಸಹಜ. ಅದು ಬೇವಿನೆಣ್ಣೆ ಸವರಿದ ಸಬ್ಸಿಡಿ ಯೂರಿಯಾ. ಎಣ್ಣೆ ಪೇಸ್ಟಿಗೆ ಬೇಡವಾದ ವಸ್ತು. ಅಲ್ಲದೆ ಬೇಸಾಯದ ಯೂರಿಯಾವನ್ನು ಬೇರೆ ಕಸುಬಿಗೆ ತಿರುಗಿಸುವುದು ಕಾನೂನಿಗೆ ವಿರುದ್ಧ. ಟೆಕ್ನಿಕಲ್ ಗ್ರೇಡ್ ಎಂದು ಕೇಳಿ ಕೊಳ್ಳಿ. ಯೂರಿಯಾದ ಕೆಲಸ ಬಣ್ಣ ಕರಗಿಸುವುದು, ಮತ್ತು ಹಬೆಯಲ್ಲಿ ತೇವ ಹೀರಿ ಬಣ್ಣಕ್ಕೆ ನೂಲಿನೊಳಗೆ ದಾರಿ ಮಾಡಿಕೊಡುವುದು. ನಮ್ಮ ಒಣಹವೆಯಲ್ಲಿ ಅದನ್ನು 100ಕ್ಕಿಂತ ಕೆಳಗಿಳಿಸಬೇಡಿ. ಮಳೆಗಾಲದಲ್ಲಿ ಮಾತ್ರ ಅದೇ ಯೂರಿಯಾ ಗಾಳಿಯ ತೇವ ಕುಡಿದು ಗೆರೆಗಳನ್ನು ಹರಡಿಸುತ್ತದೆ, ಆಗ 100 ಸಾಕು.

ಅಚ್ಚಾದ ಬಟ್ಟೆಯನ್ನು ನೆರಳಿನಲ್ಲಿ ಆರಿಸಿ, ಅದೇ ದಿನ ಹಬೆಗೆ ಕೊಡಿ. ಗರಿಗರಿ ಆಗುವಷ್ಟು ಬಿಸಿಲಿಗೆ ಹಾಕಿದರೆ ಹಬೆಯಲ್ಲಿ ತೇವ ಸಾಲದೆ ಬಣ್ಣ ತೆಳುವಾಗುತ್ತದೆ.

ಹಬೆ ಕೊಡುವುದು

ಕಾರ್ಖಾನೆಯ ಸ್ಟೀಮರಿನಲ್ಲಿ ಬಟ್ಟೆ ಬಿಡಿಬಿಡಿಯಾಗಿ ಹಾಯುತ್ತದೆ, 102 ಡಿಗ್ರಿಯಲ್ಲಿ 8–10 ನಿಮಿಷ ಸಾಕು. ಮನೆಯಲ್ಲಿ ಸುರುಳಿ ಸುತ್ತಿ ಇಡುವುದರಿಂದ ಹಬೆ ನಡುವಿನವರೆಗೆ ಇಳಿಯಲು ಹೊತ್ತು ಬೇಕು. ಮೇಲಾಗಿ ನಮ್ಮ ಊರುಗಳು ಸಮುದ್ರಮಟ್ಟದಿಂದ ಸುಮಾರು 400–500 ಮೀಟರ್ ಎತ್ತರದಲ್ಲಿವೆ, ನೀರು 98 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಹಾಗಾಗಿ 30ರಿಂದ 40 ನಿಮಿಷ ಇಡಿ. ಎಣಿಕೆ ಶುರುವಾಗುವುದು ಒಲೆ ಹಚ್ಚಿದಾಗಿನಿಂದಲ್ಲ, ಮುಚ್ಚಳದ ಸಂದಿಯಿಂದ ಹಬೆ ಜೋರಾಗಿ ನುಗ್ಗತೊಡಗಿದ ಮೇಲೆ. ಟರ್ಕಾಯ್ಸ್ ನೀಲಿ, ಅದರಿಂದ ಮಾಡಿದ ಹಸಿರು ಇದ್ದರೆ ಇನ್ನೂ 10 ನಿಮಿಷ. ಆ ಬಣ್ಣದ ಅಣು ದೊಡ್ಡದು, ನಿಧಾನಕ್ಕೆ ಒಳಗಿಳಿಯುತ್ತದೆ.

ದೊಡ್ಡ ಹಂಡೆಯಲ್ಲಿ ನಾಲ್ಕು ಬೆರಳು ನೀರು, ಅದರ ಮೇಲೆ ನೀರು ಸಿಡಿಯದಷ್ಟು ಎತ್ತರದ ಸ್ಟ್ಯಾಂಡ್. ಅಚ್ಚಾದ ಬಟ್ಟೆಯ ಮೇಲೆ ಒಗೆದ ಹಳೆ ಪಂಚೆಯೊಂದನ್ನು ಹಾಸಿ, ಅಚ್ಚಿಗೆ ಅಚ್ಚು ತಾಗದಂತೆ ಸಡಿಲವಾಗಿ ಸುತ್ತಿ. ಸುರುಳಿ ಮುಂಗೈ ದಪ್ಪ ಮೀರಬಾರದು, ಹಂಡೆಯ ಗೋಡೆಗೂ ತಾಗಬಾರದು. ಕೆಡುವುದು ಹೆಚ್ಚಾಗಿ ಮುಚ್ಚಳದಿಂದ. ಇಡ್ಲಿ ಪಾತ್ರೆಯ ಮುಚ್ಚಳದಿಂದ ಹನಿ ಬಿದ್ದು ಮೇಲಿನ ಇಡ್ಲಿ ನೀರುನೀರಾಗುತ್ತದಲ್ಲ, ಇಲ್ಲೂ ಹಾಗೇ. ಒಂದು ಹನಿ ಬಿದ್ದರೆ ಅಂಗೈಯಗಲ ಬಣ್ಣ ಕದಡುತ್ತದೆ. ಮುಚ್ಚಳದ ಒಳಮೈಗೆ ದಪ್ಪ ಟವೆಲ್ ಕಟ್ಟಿ, ಸುರುಳಿಯ ಮೇಲೆ ನಾಲ್ಕೈದು ಮಡಿಕೆ ಕಾಗದ ಟೋಪಿಯಂತೆ ಹಾಕಿ. ನಡುವೆ ಮುಚ್ಚಳ ತೆಗೆದು ನೋಡುವ ಚಪಲ ಬೇಡ.

ಒಳಗೆ ಆಗುವುದಿಷ್ಟು: ಅಡುಗೆ ಸೋಡಾ ಕಾವಿಗೆ ಇಂಗಾಲದ ಡೈಆಕ್ಸೈಡ್ ಬಿಟ್ಟು ವಾಷಿಂಗ್ ಸೋಡಾ ಆಗುತ್ತದೆ, ಕ್ಷಾರ ಏರುತ್ತದೆ, ಬಣ್ಣ ಬೆಸೆಯುತ್ತದೆ. ಮೊದಲೇ ವಾಷಿಂಗ್ ಸೋಡಾ ಹಾಕದೆ ಅಡುಗೆ ಸೋಡಾ ಹಾಕುವ ಗುಟ್ಟು ಇದು. ಪೇಸ್ಟು ಡಬ್ಬಿಯಲ್ಲಿ ತಣ್ಣಗಿದ್ದು, ಹಬೆಯಲ್ಲಿ ಚುರುಕಾಗುತ್ತದೆ. ರೆಜಿಸ್ಟ್ ಸಾಲ್ಟ್ ಇಲ್ಲದಿದ್ದರೆ ಇದೇ ಹೊತ್ತಿನಲ್ಲಿ ಕೆಲವು ಬಣ್ಣ ಮಂಕಾಗುತ್ತವೆ.

ಹಂಡೆ, ಒಲೆ ಬೇಡವೆನ್ನುವವರಿಗೆ ಸಿಲಿಕೇಟ್ ದಾರಿ ಇದೆ. ಪೇಸ್ಟಿಗೆ ಸೋಡಾ ಹಾಕದೆ ಅಚ್ಚು ಮಾಡಿ, ಒಣಗಿಸಿ, ಜೇನಿನಷ್ಟು ಮಂದವಿರುವ ಸೋಡಿಯಂ ಸಿಲಿಕೇಟ್ ದ್ರವವನ್ನು ಅಗಲ ಬ್ರಷ್ಷಿನಿಂದ ಒಂದೇ ದಿಕ್ಕಿಗೆ ಹಗುರವಾಗಿ ಬಳಿಯಿರಿ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ತೂಕ ಇಟ್ಟು, ರಾತ್ರಿಯಿಡೀ ಬಿಡಿ. ವಿನೈಲ್ ಸಲ್ಫೋನ್ (ರಿಯಾಕ್ಟಿವ್ ಬಣ್ಣದ್ದೇ ಇನ್ನೊಂದು ಬಗೆ) ಮತ್ತು ಎಂ ಜಾತಿಯ ಬಣ್ಣಕ್ಕೆ ಇದು ಹೊಂದುತ್ತದೆ, ಎಚ್‌ಗೆ ಅಲ್ಲ. ನಮ್ಮ ಸೆಕೆ ಇಲ್ಲಿ ವರವಾಗುತ್ತದೆ. ಆದರೆ ಹಾಳೆ ಸರಿದು ಗಾಳಿ ತಾಗಿದರೆ ಸಿಲಿಕೇಟ್ ಗಾಜಿನಂತೆ ಗಟ್ಟಿಯಾಗಿ ಬಟ್ಟೆ ಒರಟಾಗುತ್ತದೆ.

ತೊಳೆಯುವುದು

ಮೊದಲು ತಣ್ಣೀರು, ಧಾರಾಳವಾಗಿ. ಒಂದು ಕಿಲೋ ಬಟ್ಟೆಗೆ ಪ್ರತಿ ಸಲ 20–30 ಲೀಟರ್, ಕನಿಷ್ಠ ಎರಡು ಸಲ, ಕೈಬಿಡದೆ ಆಡಿಸುತ್ತ. ಗಮ್, ಯೂರಿಯಾ, ಸೋಡಾ ಹೊರಟುಹೋಗಬೇಕು. ಕ್ಷಾರ ಹೋಗುವ ಮೊದಲೇ ಬಿಸಿ ನೀರಿಗೆ ಹಾಕಿದಿರೋ, ಬಿಟ್ಟ ಬಣ್ಣದಲ್ಲಿ ಇನ್ನೂ ಜೀವ ಇರುವಷ್ಟು ಪಾಲು ಬಿಳಿ ನೆಲಕ್ಕೆ ಹೋಗಿ ಬೆಸೆಯುತ್ತದೆ. ಆ ಕಲೆಗೆ ಮದ್ದಿಲ್ಲ. ಬಟ್ಟೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿ ಊಟಕ್ಕೆ ಹೋಗುವುದೂ ಅಷ್ಟೇ ಕೆಟ್ಟದ್ದು, ಒದ್ದೆ ಬಟ್ಟೆ ಒಂದರ ಮೇಲೊಂದು ಪೇರಿಸುವುದೂ.

ಆಮೇಲೆ 60 ಡಿಗ್ರಿ ನೀರಿನಲ್ಲಿ ಒಮ್ಮೆ. ನಂತರ ಲೀಟರಿಗೆ 2 ಗ್ರಾಂ ನಾನ್‌ಅಯಾನಿಕ್ (ಗಡಸು ನೀರಿನಲ್ಲೂ ಒಡೆಯದ ಜಾತಿಯ) ಸೋಪು, 1 ಗ್ರಾಂ ಕ್ಯಾಲ್ಗಾನ್ ಹಾಕಿದ ಕುದಿಯುವ ನೀರಿನಲ್ಲಿ 10–15 ನಿಮಿಷ. ಸತ್ತ ಬಣ್ಣ ನೂಲಿನೊಳಗಿನಿಂದ ಹೊರಬರುವುದು ಈ ಕುದಿಯಲ್ಲೇ, ಉಗುರುಬೆಚ್ಚಗಿನ ನೀರಿಗೆ ಅದು ಜಗ್ಗುವುದಿಲ್ಲ. ಗಾಢ ಕೆಂಪು, ಕಪ್ಪು, ಟರ್ಕಾಯ್ಸ್‌ಗೆ ಎರಡು ಕುದಿ ಬೇಕೇ ಬೇಕು. ಮನೆಯ ಡಿಟರ್ಜೆಂಟ್ ಪುಡಿ ಬೇಡ, ಅದರಲ್ಲಿ ಸೋಡಾ, ಹೊಳಪಿನ ಪುಡಿ ಎರಡೂ ಇರುತ್ತವೆ. ಕಡೆಯ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಬೆಳಕಿಗೆ ನೋಡಿ. ತಿಳಿಯಾಗಿದ್ದರೆ ನಿಲ್ಲಿಸಿ.

ತೊಳೆದ ನೀರು ಇಂಗುಗುಂಡಿಗೂ ಕಾಲುವೆಗೂ ಹೋಗಬಾರದು. ವಾಷಿಂಗ್ ಘಟಕವೊಂದರ ನೀರು ಶುದ್ಧೀಕರಣದ ಜೊತೆ ಒಪ್ಪಂದ ಮಾಡಿಕೊಂಡರೆ ಸಣ್ಣವರಿಗೆ ಸುಲಭ.

ಪಿಗ್ಮೆಂಟ್

ಇದು ಬೇರೆಯೇ ಕುಲ. ಪಿಗ್ಮೆಂಟಿಗೆ ಹತ್ತಿಯ ಮೇಲೆ ಯಾವ ಒಲವೂ ಇಲ್ಲ, ಬೈಂಡರ್ ಎಂಬ ಅಂಟು ಅದನ್ನು ಬಟ್ಟೆಗೆ ಹಿಡಿದಿಡುತ್ತದೆ. ಹಬೆ ಬೇಡ, ಒಣ ಕಾವು ಬೇಕು: 150 ಡಿಗ್ರಿಯಲ್ಲಿ 4–5 ನಿಮಿಷ. ತಯಾರಿ ಬೈಂಡರ್ ಪೇಸ್ಟು ಕಿಲೋಗೆ 50 ಗ್ರಾಂ ಪಿಗ್ಮೆಂಟ್ ಮೀರಿಸಬೇಡಿ. ಗಾಢ ಬರಲೆಂದು ಪಿಗ್ಮೆಂಟ್ ಸುರಿದು ಬೈಂಡರ್ ಅಷ್ಟೇ ಇಟ್ಟರೆ ಉಜ್ಜಿದಾಗ ಸುಣ್ಣದಂತೆ ಉದುರುತ್ತದೆ. ಕಿಲೋಗೆ 5–10 ಗ್ರಾಂ ಡಿಎಪಿ (ಡೈಅಮೋನಿಯಂ ಫಾಸ್ಫೇಟ್) ಹಾಕಬೇಕು. ಕಾವಿಗೆ ಅದು ಅಮೋನಿಯಾ ಬಿಟ್ಟು ಹುಳಿಯಾಗಿ ಬೈಂಡರನ್ನು ಗಟ್ಟಿಗೊಳಿಸುತ್ತದೆ. ಗೊಬ್ಬರದಂಗಡಿಯ ಡಿಎಪಿಯ ಮೂಲವಸ್ತು ಇದೇ ಆದರೂ ಆ ಕಾಳು ಅಶುದ್ಧ, ಸ್ಕ್ರೀನಿನ ಕಣ್ಣು ಕಟ್ಟುತ್ತದೆ.

ಓವನ್ ಇಲ್ಲದಿದ್ದರೆ ಇಸ್ತ್ರಿಪೆಟ್ಟಿಗೆ ‘ಕಾಟನ್’ ಗುರುತಿಗಿಟ್ಟು, ತೆಳು ಬಟ್ಟೆ ಹಾಸಿ, ಹಿಂದೆಮುಂದೆ ಸೇರಿ ಪ್ರತಿ ಜಾಗಕ್ಕೂ ನಾಲ್ಕೈದು ನಿಮಿಷ ಸಿಗುವಂತೆ ಒತ್ತಿ. ಸುಮ್ಮನೆ ಒಂದು ಕೈ ಎಳೆದು ಬಿಡುವುದು ಇಸ್ತ್ರಿಯಾಯಿತೇ ಹೊರತು ಬಣ್ಣ ಹಿಡಿಸಿದಂತಾಗಲಿಲ್ಲ. ನಮ್ಮ ಬೇಸಿಗೆಯಲ್ಲಿ ಹತ್ತು ಕೈ ಎಳೆಯುವಷ್ಟರಲ್ಲಿ ಸ್ಕ್ರೀನ್ ಕಟ್ಟಿಕೊಳ್ಳುತ್ತದೆ. ಪೇಸ್ಟಿಗೆ ಕಿಲೋಗೆ 20–30 ಗ್ರಾಂ ಯೂರಿಯಾ ಸೇರಿಸಿ, ಕೈ ನಿಂತಾಗಲೆಲ್ಲ ಒದ್ದೆ ಸ್ಪಂಜಿನಿಂದ ಒರೆಸಿ. ಒಣಗಿದ ಬೈಂಡರ್ ನೀರಿಗೆ ಬಿಡುವುದಿಲ್ಲ.

ಪಟಿಕ, ಅಳಲೆಕಾಯಿ, ಬೆಲ್ಲದ ಕಪ್ಪು

ಸೊಪ್ಪು ಬೇರಿನ ಬಣ್ಣದಲ್ಲಿ ಅಚ್ಚು ಹಾಕುವುದು ಬಣ್ಣವನ್ನಲ್ಲ, ಬಣ್ಣ ಹಿಡಿಯುವ ವಸ್ತುವನ್ನು. ಬಟ್ಟೆಯನ್ನು ಅದರ ತೂಕದ ಶೇ 10–15ರಷ್ಟು ಅಳಲೆಕಾಯಿ ಪುಡಿಯ ನೀರಿನಲ್ಲಿ ಅದ್ದಿ ಹಿಂಡಿ ಒಣಗಿಸಿ. ಲೀಟರಿಗೆ 100 ಗ್ರಾಂ ಪಟಿಕ ಕರಗಿಸಿ, ಹುಣಸೆ ಬೀಜದ ಪುಡಿಯ ಅಂಟಿನಲ್ಲಿ ಮಂದ ಮಾಡಿ ಅಚ್ಚು ಒತ್ತಿ. ರಿಯಾಕ್ಟಿವ್‌ಗೆ ಒಲ್ಲದ ಹುಣಸೆ ಬೀಜ ಇಲ್ಲಿ ಸಲ್ಲುತ್ತದೆ. ಮೂರು ದಿನ ಹಾಗೇ ಬಿಟ್ಟು, ಹರಿಯುವ ನೀರಿನಲ್ಲಿ ಹೆಚ್ಚುವರಿ ಪಟಿಕ ತೊಳೆದು, ಮಂಜಿಷ್ಠದ ನೀರಿನಲ್ಲಿ ನಿಧಾನವಾಗಿ ಕಾಯಿಸಿದರೆ ಪಟಿಕ ಬಿದ್ದಲ್ಲಿ ಕೆಂಪು ಏಳುತ್ತದೆ. ಕಪ್ಪಿಗೆ ತುಕ್ಕು ಕಬ್ಬಿಣ, ಬೆಲ್ಲ, ನೀರು ಕೂಡಿಸಿ ಎರಡು ಮೂರು ವಾರ ಹುಳಿಸಿದ ರಸ. ಅದು ಅಳಲೆಯ ಒಗರಿನೊಂದಿಗೆ ಕೂಡಿ ಕಪ್ಪಾಗುತ್ತದೆ. ರಸ ತೀರಾ ಕಟುವಾದರೆ ವರ್ಷ ಕಳೆಯುವಷ್ಟರಲ್ಲಿ ಕಪ್ಪು ಇದ್ದಲ್ಲೆಲ್ಲ ಬಟ್ಟೆ ಜರಿಯುತ್ತದೆ. ಪಟಿಕದ ಪಾತ್ರೆಗೆ ಕಬ್ಬಿಣದ ಸೌಟು ತಾಗಿದರೂ ಕೆಂಪು ಕಂದಾಗುತ್ತದೆ.

ಎಲ್ಲಿ ಎಡವಿತು ಎಂದು ತಿಳಿಯಲು

ತೊಳೆತದಲ್ಲಿ ಬಣ್ಣ ಎಲ್ಲ ಕಡೆ ಸಮನಾಗಿ ಹೋಗಿ ನೆರಳು ಮಾತ್ರ ಉಳಿದರೆ ಸೋಡಾ ಮರೆತಿದ್ದೀರಿ, ಇಲ್ಲವೇ ಪೇಸ್ಟು ಹಳೆಯದು. ಸುರುಳಿಯ ಹೊರಗೆ ಗಾಢ, ಒಳಗೆ ತೆಳು ಎಂದರೆ ಹಬೆ ನಡುವಿಗೆ ಮುಟ್ಟಿಲ್ಲ. ಗೆರೆಯಂಚು ಮೀಸೆಯಂತೆ ಹರಡಿದ್ದರೆ ಯೂರಿಯಾ ಹೆಚ್ಚು ಅಥವಾ ಹಬೆ ಒದ್ದೆ. ಬಣ್ಣ ತುಂಬಿಕೊಂಡು ಚೆಂದ ಕಂಡರೂ ಒದ್ದೆ ಕೈಗೆ ಹತ್ತುತ್ತಿದ್ದರೆ ಕುದಿ ಸಾಲದು, ಮತ್ತೊಮ್ಮೆ ಕುದಿಸಿದರೆ ಸರಿಹೋಗುತ್ತದೆ.

ಮಾರುವ ಮೊದಲು ಎರಡು ಪರೀಕ್ಷೆ ಮಾಡಿ. ಬಿಳಿ ಹತ್ತಿ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ ಬೆರಳಿಗೆ ಸುತ್ತಿ, ಅಚ್ಚಿನ ಮೇಲೆ 10 ಸಲ ಒಂದೇ ಭಾರದಲ್ಲಿ ಉಜ್ಜಿ. ಇನ್ನೊಂದು ತುಂಡಿಗೆ ಬಿಳಿ ಬಟ್ಟೆ ಹೊಲಿದು, ಲೀಟರಿಗೆ 5 ಗ್ರಾಂ ಸೋಪಿನ 40 ಡಿಗ್ರಿ ನೀರಿನಲ್ಲಿ 30 ನಿಮಿಷ ಆಡಿಸಿ, ಬಿಡಿಸಿ ಒಣಗಿಸಿ. ಬಿಳಿಗೆ ಬಣ್ಣ ಹತ್ತಿದ್ದರೆ ಗಿರಾಕಿಯ ಮನೆಯಲ್ಲೂ ಹತ್ತುತ್ತದೆ.

ಇನ್ನು, ಕೊಂಡು ತಂದ ಬಟ್ಟೆ ಬಣ್ಣ ಬಿಡುತ್ತಿದ್ದರೆ ಡೈ ಫಿಕ್ಸಿಂಗ್ ಏಜೆಂಟ್ ಸಿಗುತ್ತದೆ. ಬಿಡಿ ಬಣ್ಣ ಆದಷ್ಟೂ ತೊಳೆದ ಮೇಲೆ, ಬಟ್ಟೆಯ ತೂಕದ ಶೇ 2–3ರಷ್ಟನ್ನು 40–50 ಡಿಗ್ರಿ ನೀರಿನಲ್ಲಿ ಬೆರೆಸಿ 20 ನಿಮಿಷ ಆಡಿಸಿ. ಒಗೆತಕ್ಕೆ ತಡೆಯುತ್ತದೆ, ಆದರೆ ಕೆಲವು ಬಣ್ಣದ ಛಾಯೆ ಬದಲಾಗುತ್ತದೆ, ಬಿಸಿಲಿಗೆ ಬೇಗ ಮಾಸುವುದೂ ಉಂಟು. ಅಂಗೈಯಷ್ಟು ತುಂಡಿನ ಮೇಲೆ ಮೊದಲು ಮಾಡಿ, ಅರ್ಧವನ್ನು ಕಾಗದದಡಿ ಮುಚ್ಚಿ ಮಾಳಿಗೆಯ ಮೇಲೆ ವಾರ ಇಟ್ಟು ಹೋಲಿಸಿ ನೋಡಿ.